ಆರು ದಿನಕ್ಕೊಂದು ಚಿತ್ರ

ನವೆಂಬರ್ 11, 2024, ಸೋಮವಾರ

ಧಾರವಾಡದಿಂದ ಸುಮಿತ್ರಾ ದೂರವಾಣಿ ಮಾಡಿದ್ದಳು. ಇಳಕಲ್ಲಿನ ಪ್ರೌಢಶಾಲೆಯಲ್ಲಿ ಮೂವತ್ತಾರು ವರ್ಷಗಳಲ್ಲಿ ನನ್ನ ಕೈಕೆಳಗೆ ಕಲಿತವರಲ್ಲಿ ಒಂದು ವಾಕ್ಯವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಬಲ್ಲವಳು ಇವಳೊಬ್ಬಳೇ. ಈಗ ಒಂದು ಪ್ರಕಾಶನ ಸಂಸ್ಥೆಯ ಸಂಪಾದಕಿ. ಲೋಕದ ಚಲನಚಿತ್ರ ನಿರ್ದೇಶಕರನ್ನು ಕನ್ನಡಿಗರಿಗೆ ಪರಿಚಯಿಸುವ, ತಲಾ ನೂರು ಪುಟಗಳ ಪುಸ್ತಕಮಾಲೆಯನ್ನು ಹೊರತರುತ್ತಿದ್ದಾರಂತೆ. ಅದರಲ್ಲಿ ಒಂದನ್ನು ನಾನು ಬರೆಯಬೇಕಂತೆ.

"ಯಾರ ಬಗ್ಗೆ?" ಎಂದು ಕೇಳಿದೆ.

"ಆಲ್ಬರ್ಟ್ ಥ್ರಸಲ್ ಅಂತ ಸರ. ಇಂಗ್ಲೆಂಡಿನಾಂವ. ಮೂಕಿ ಚಿತ್ರದ ಕಾಲದಾಗ ನಾಕನೂರಾ ಹನ್ನೆರಡು ಸಿನಿಮಾ ಮಾಡ್ಯಾನ."

"ಅವನು ನಿರ್ದೇಶಕನೋ, ಇಟ್ಟಿಗೆ ಭಟ್ಟಿಯವನೋ?"

"ಅದನ್ನ ನೀವ ಬರೀರಿ. ಆದ್ರ ಜನವರಿ ಮೂವತ್ತೊಂದಕ್ಕ ನನ್ನ ಕೈಯಾಗ ಇರಬೇಕು. ಇರಲಿಲ್ಲಂದ್ರ ಬೆಂಗಳೂರಿನ ರಾಘವೇಂದ್ರ ಅವರಿಗೆ ಹೋಗ್ತದ. ನಿಮ್ಮ ಹೆಸರು ಹೇಳಿದ್ದಕ್ಕ ಮಂಡಳಿಯವರು ನಕ್ಕರು ಸರ. ಆ ಮಾಸ್ತರು ಮೂರು ಪುಸ್ತಕ ಒಪ್ಪಿಕೊಂಡು ಒಂದೂ ಕೊಟ್ಟಿಲ್ಲ ಅಂದ್ರು. ನಾ ಹೊಣಿ ಅಂತ ಹೇಳಿಬಿಟ್ಟೀನಿ. ಇದು ಕಡೀದು, ಇನ್ನೊಂದು ಸಲ ಕೇಳೂದು ನನ್ನಿಂದ ಆಗೂದಿಲ್ಲ."

ಕೊಟ್ಟಿಲ್ಲ ಎಂಬುದು ಅಪಪ್ರಚಾರ. ಆ ಮೂರೂ ಕೊಡುವ ಸ್ಥಿತಿಗೆ ಬಂದಿರಲಿಲ್ಲ, ಇನ್ನೂ ಬಂದಿಲ್ಲ. ಮಂಚದ ಕೆಳಗಿನ ಟ್ರಂಕಿನಲ್ಲಿವೆ. ಮೊದಲನೆಯದರ ಹದಿನಾಲ್ಕನೆಯ ಪರಿಷ್ಕರಣ ನಡೆದಿದೆ. ರಾಘವೇಂದ್ರನೆಂಬ ಈ ಮಹಾಶಯನ ಹೆಸರಿನಲ್ಲಿ ಮೂವತ್ತೊಂದು ಪುಸ್ತಕಗಳಿವೆ. ಎಪ್ಪತ್ತಾರು ವರ್ಷದ ಚನ್ನಬಸಪ್ಪ ಮಾಸ್ತರನ ಹೆಸರಿನಲ್ಲಿ ಒಂದೂ ಇಲ್ಲ. ಲೋಕದ ರುಚಿಯೆಂಥದೆಂದು ತಿಳಿಯಲು ಇಷ್ಟು ಸಾಕು.

ಒಪ್ಪಿಕೊಂಡೆ.

ನವೆಂಬರ್ 16, ಶನಿವಾರ

ಸುಮಿತ್ರಾ ಕಳುಹಿಸಿದ ಕಟ್ಟು ಸೂರತ್ತಿಗೆ, ನಾನಿರುವ ಮಗನ ಮನೆಗೆ, ಬಂದು ತಲುಪಿತು. ಆಂಗ್ಲ ಪ್ರಾಧ್ಯಾಪಕನೊಬ್ಬ ಥ್ರಸಲ್‌ನ ಜೀವನವನ್ನು ಎರಡು ಸಂಪುಟಗಳಲ್ಲಿ ಬರೆದಿದ್ದಾನೆ. ಒಂಬೈನೂರು ಪುಟ. ಬರೆದವನಿಗೂ ಬೇರೆ ಕೆಲಸವಿರಲಿಲ್ಲ.

ಸಾರಾಂಶವನ್ನು ನನ್ನ ಉಪಯೋಗಕ್ಕಾಗಿ ಇಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಥ್ರಸಲ್ ಉತ್ತರ ಸಮುದ್ರದ ದಂಡೆಯ ಊರೊಂದರಲ್ಲಿ ಮೇಣದಬತ್ತಿ ಮಾಡುವವನ ಮಗ. ಓದಿದ್ದು ಹನ್ನೊಂದನೆಯ ವಯಸ್ಸಿನವರೆಗೆ. ಅದು ಚಿತ್ರಗಳಲ್ಲಿ ಕಾಣುತ್ತದೆ. ಛಾಯಾಗ್ರಾಹಕನೊಬ್ಬನ ಅಂಗಡಿಯಲ್ಲಿ ಗಾಜು ಒರೆಸುತ್ತಿದ್ದವನು 1904ರಲ್ಲಿ ಒಂದು ಕ್ಯಾಮೆರಾ ಸಂಪಾದಿಸಿ, ಪಾಳುಬಿದ್ದ ಸ್ಕೇಟಿಂಗ್ ಮಂದಿರವನ್ನು ಬಾಡಿಗೆಗೆ ಹಿಡಿದು ಚಿತ್ರ ತೆಗೆಯತೊಡಗಿದ. ಸೋಮವಾರ ಆರಂಭ, ಶನಿವಾರ ಮುಕ್ತಾಯ, ರವಿವಾರ ಪ್ರಾರ್ಥನೆ. ಕೈಯಲ್ಲಿ ಹಣವಿದ್ದ ವಾರಗಳಲ್ಲೆಲ್ಲ ಹೀಗೆ, ಇಪ್ಪತ್ತೈದು ವರ್ಷ. ಅವನ ಬಳಿ ಇದ್ದದ್ದು ನಾಲ್ವರು ನಟರು, ಹೆಂಡತಿ ಈಡಿತ್ ಮತ್ತು ಒಂದು ಮರದ ಮೆಟ್ಟಿಲಸಾಲು. ಆ ಮೆಟ್ಟಿಲಸಾಲು ಅರುವತ್ತು ಚಿತ್ರಗಳಲ್ಲಿದೆ. ಒಂದರಲ್ಲಿ ಅರಮನೆ, ಮುಂದಿನ ವಾರ ಸೆರೆಮನೆ.

ಮದುವೆಯ ದೃಶ್ಯ ತೆಗೆಯುತ್ತಿರುವಾಗ ಮಳೆ ಬಂತಂತೆ. ಮಳೆ ನಿಲ್ಲಲಿಲ್ಲ. ಮರುದಿನಕ್ಕೆ ಮುಂದೂಡುವ ಬದಲು ಈ ಮನುಷ್ಯ ವಧುವನ್ನು ಪ್ರವಾಹದಲ್ಲಿ ಮುಳುಗಿಸಿ ಕಥೆಯನ್ನೇ ಮುಗಿಸಿದ. ಜನ ಅತ್ತರಂತೆ.

ಮಾತಿನ ಚಿತ್ರಗಳು ಬಂದೊಡನೆ ಮೂಲೆಗೆ ಬಿದ್ದ. ಕೊನೆಯಲ್ಲಿ ಹೂವಿನ ಬೀಜ ಮಾರುತ್ತ 1941ರಲ್ಲಿ ಸತ್ತ. ನಾಲ್ಕು ನೂರ ಹನ್ನೆರಡರಲ್ಲಿ ಒಂಬತ್ತು ಉಳಿದಿವೆ. ಮಿಕ್ಕವನ್ನು ಸುರುಳಿಯಲ್ಲಿರುವ ಬೆಳ್ಳಿಯಂಶಕ್ಕಾಗಿ ಕರಗಿಸಿದರು. ಕಾಲವೂ ಕೆಲವೊಮ್ಮೆ ಒಳ್ಳೆಯ ಪರೀಕ್ಷಕ.

ನವೆಂಬರ್ 23, ಶನಿವಾರ

ಮೊದಲ ವಾಕ್ಯವನ್ನು ಹತ್ತೊಂಬತ್ತು ಬಾರಿ ಬರೆದೆ. ಬರೆದ ಪ್ರತಿ ವಾಕ್ಯವನ್ನೂ ಮೂರು ಸಲ ಗಟ್ಟಿಯಾಗಿ ಓದಿ, ಕಿವಿ ಒಪ್ಪಿದರೆ ಮಾತ್ರ ಮುಂದೆ ಹೋಗುವುದು ನನ್ನ ಪದ್ಧತಿ. ಕಿವಿ ಒಪ್ಪಲಿಲ್ಲ.

ಸಂಜೆ ಪ್ರಮೋದ್ ಬಂದ. ನನ್ನ ಈ ಏಕೈಕ ಪುತ್ರ ಇಲ್ಲಿಯ ಪಾಂಡೇಸರಾ ಬಡಾವಣೆಯ ಗಿರಣಿಯೊಂದರಲ್ಲಿ ಬಟ್ಟೆಗೆ ಬಣ್ಣ ಹಾಕಿಸುವ ಉಸ್ತುವಾರಿಯವನು. ನಲವತ್ತೈದು ವರ್ಷ. ಉಗುರುಗಳು ವಾರಕ್ಕೊಂದು ಬಣ್ಣದಲ್ಲಿರುತ್ತವೆ. ಈ ವಾರ ನೇರಳೆ. ಎರಡು ವರ್ಷದ ಹಿಂದೆ ನನ್ನ ಹೆಂಡತಿ ಸುಶೀಲಾ ತೀರಿಕೊಂಡ ಮೇಲೆ ಇವನ ಮನೆಗೆ ಬಂದಿದ್ದೇನೆ. ಬಾಗಿಲು ತೆರೆದೊಡನೆ ಅವನಿಗಿಂತ ಮೊದಲು ಗಿರಣಿಯ ವಾಸನೆ ಒಳಗೆ ಬರುತ್ತದೆ.

ಬಂದವನು ಯಾರೊಡನೆಯೋ ದೂರವಾಣಿಯಲ್ಲಿ ಮಾತನಾಡುತ್ತಿದ್ದ. ಅಹಮದಾಬಾದಿನ ವ್ಯಾಪಾರಿಗೆ ಹೋಗಬೇಕಾದ ಮಾಲು ಲಾರಿಯಲ್ಲಿ ನಿಂತಿದೆ. ನೀಲಿ ಸ್ವಲ್ಪ ಹೆಚ್ಚುಕಡಮೆಯಾಗಿದೆ. ಇವನು ಎರಡು ತುಂಡು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಚಾಲಶೇ" ಎಂದ. ನಡೆಯುತ್ತದೆ ಎಂದರ್ಥ. ಈ ಗುಜರಾತಿ ಮಾತನ್ನು ನಾನು ದಿನಕ್ಕೆ ಇಪ್ಪತ್ತು ಸಲ ಕೇಳುತ್ತೇನೆ. ತರಕಾರಿಯವನಿಗೆ ಚಾಲಶೇ, ಲಿಫ್ಟ್ ದುರಸ್ತಿಯವನಿಗೆ ಚಾಲಶೇ. ಒಂದು ಇಡೀ ಊರು ಈ ಮಾತಿನ ಮೇಲೆ ನಿಂತಿದೆ.

"ಇವೆರಡೂ ಒಂದೇ ನೀಲಿಯೇನು?" ಎಂದೆ.

"ಅಲ್ರಿ ಅಪ್ಪಾ. ಆದ್ರ ಈ ಲಾಟಿಂದು ಅಸ್ತರಿಗೆ ಹೋಗೂದು. ಒಳಗ ಇರ್ತೈತಿ, ಯಾರಿಗೂ ಕಾಣಂಗಿಲ್ಲ."

"ನಿನಗೆ ಕಾಣುತ್ತದೆಯಲ್ಲ?"

"ಕಾಣ್ತೈತಿ. ಅದಕ್ಕ ಪಗಾರ ಕೊಡ್ತಾರ," ಎಂದು ನಕ್ಕು ಸ್ನಾನಕ್ಕೆ ಹೋದ.

ಥ್ರಸಲ್ ಸೂರತ್ತಿನಲ್ಲಿ ಹುಟ್ಟಬೇಕಾಗಿತ್ತು.

ಡಿಸೆಂಬರ್ 5, ಗುರುವಾರ

ಸೊಸೆ ಹೇಮಲತಾ ನನ್ನ ಹಸ್ತಪ್ರತಿಯನ್ನು ಗಣಕಯಂತ್ರಕ್ಕೆ ಏರಿಸಿಕೊಡಲು ಒಪ್ಪಿದ್ದಾಳೆ. ಹುಬ್ಬಳ್ಳಿಯ ಹುಡುಗಿ, ಬೆರಳು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಮಧ್ಯಾಹ್ನ ಒಂದು ಪುಟ ಕೊಟ್ಟೆ. ಮೂರಕ್ಕೆ ಅದನ್ನು ಹಿಂದಕ್ಕೆ ಪಡೆದೆ. ನಾಲ್ಕಕ್ಕೆ ತಿದ್ದಿ ಕೊಟ್ಟೆ. ಐದಕ್ಕೆ ಮತ್ತೆ ಪಡೆದೆ.

"ಮಾವಾರ, ಆ ಥ್ರಸಲ್ ಇಷ್ಟೊತ್ತಿಗೆ ಒಂದು ಸಿನಿಮಾ ಮುಗಿಸಿ ಉಂಡು ಮಲಗಿರ್ತಿದ್ದ ನೋಡ್ರಿ," ಎಂದಳು.

"ಅದಕ್ಕೇ ಅವನನ್ನು ಯಾರೂ ನೆನೆಯುವುದಿಲ್ಲ."

"ಮತ್ತ ನೀವು ಪುಸ್ತಕ ಬರಿಯಾಕ್ಹತ್ತೀರಲ್ಲ."

ಆರಕ್ಕೆ ಆ ಪುಟವನ್ನು ಮತ್ತೊಮ್ಮೆ ತಿದ್ದಿ ಕೊಟ್ಟೆ.

ಡಿಸೆಂಬರ್ 19, ಗುರುವಾರ

ಒಂದನೆಯ ಅಧ್ಯಾಯವನ್ನು ಮತ್ತೆ ಮೊದಲಿನಿಂದ ಆರಂಭಿಸಿದ್ದೇನೆ. ಹಿಂದಿನದು ಓದಿಸಿಕೊಂಡು ಹೋಗುತ್ತಿತ್ತು. ಅಂಥ ಬರಹವನ್ನು ನಂಬಬಾರದು.

ಡಿಸೆಂಬರ್ 29, ರವಿವಾರ

ಪ್ರಮೋದ್ ಬೆಳಿಗ್ಗೆ ಪೋಂಕ್ ತಂದ. ನಮ್ಮ ಕಡೆಯ ಸೀತನಿಯನ್ನೇ, ಎಂದರೆ ಸುಟ್ಟು ಬಡಿದ ಎಳೆಯ ಜೋಳವನ್ನೇ, ಇಲ್ಲಿಯವರು ಹಾಗೆ ಕರೆದು, ಸಕ್ಕರೆಯ ಗುಳಿಗೆ ಮತ್ತು ನಿಂಬೆಹುಳಿಯ ಸೇವ್ ಬೆರೆಸಿ ಕೆಡಿಸುತ್ತಾರೆ. ಬರಿಯ ಜೋಳವನ್ನು ಬೇರೆ ಮಾಡಿ ತಿಂದೆ. ಮೂರು ಬಟ್ಟಲು.

ಹನ್ನೊಂದಕ್ಕೆ ಸುಮಿತ್ರಾ ವಿಚಾರಿಸಿದಳು. "ಎಷ್ಟಾತು ಸರ?"

"ಒಂದನೆಯ ಅಧ್ಯಾಯ ಬಹುಮಟ್ಟಿಗೆ ಸಿದ್ಧವಾಗಿದೆ."

ಆ ಕಡೆ ಅವಳು ಕ್ಯಾಲೆಂಡರಿನ ಹಾಳೆ ತಿರುವಿದ ಸದ್ದು ಕೇಳಿಸಿತು. ಐದು ಅಧ್ಯಾಯಗಳಾಗಬೇಕು, ಉಳಿದಿರುವುದು ಒಂದು ತಿಂಗಳು. ನಾನೂ ಗಣಿತ ಬಲ್ಲೆ.

"ರಾಘವೇಂದ್ರ ಅವರು ಫೋನ್ ಮಾಡಿದ್ರು," ಎಂದಳು ಕೊನೆಗೆ. "ಮಾಸ್ತರು ಕೊಡದಿದ್ರ ಹತ್ತು ದಿವಸದಾಗ ಬರ್ದು ಕೊಡ್ತೀನಿ ಅಂದ್ರು."

"ಹತ್ತು ದಿನ ಯಾಕೆ? ಥ್ರಸಲ್‌ನಂತೆ ಆರು ಸಾಕೆಂದು ಹೇಳು."

"ಸರ," ಎಂದಳು, "ನಾ ಎಂಟನೇತ್ತಿನ್ಯಾಗ ಇದ್ದಾಗ ನಿಮ್ಮ ಹೆಸರಿಂದು ಒಂದು ಪುಸ್ತಕ ಕಪಾಟಿನ್ಯಾಗ ಇರ್ತದ, ನಾ ಅದನ್ನ ಎಲ್ಲಾರಿಗೂ ತೋರಸ್ತೀನಿ ಅಂದ್ಕೊಂಡಿದ್ದೆ. ಇನ್ನೂ ಅಂದ್ಕೊಂಡ ಕುಂತೀನಿ."

ವಿದ್ಯಾರ್ಥಿಗಳು ಇಂಥ ಮಾತುಗಳನ್ನು ಆಡಬಾರದು. ಫೋನ್ ಇಟ್ಟ ಮೇಲೆ ಒಂದನೆಯ ಅಧ್ಯಾಯವನ್ನು ತೆಗೆದೆ. ಒಂದು ವಾಕ್ಯವೂ ಸರಿ ಕಾಣಲಿಲ್ಲ. ಟ್ರಂಕಿನಲ್ಲಿ ನಾಲ್ಕನೆಯ ಕಟ್ಟಿಗೆ ಜಾಗವಿದೆಯೇ ಎಂದು ನೋಡಿದೆ. ಇದೆ.

ಜನವರಿ 5, 2025, ರವಿವಾರ

ಈ ದಿನದ ಸಂಗತಿಯನ್ನು ಕ್ರಮವಾಗಿ ಬರೆಯಬೇಕು.

ನಾಲ್ಕನೆಯ ಅಧ್ಯಾಯ ಥ್ರಸಲ್‌ನ ಕಸುಬನ್ನು ಕುರಿತದ್ದು. ಉಳಿದ ಒಂಬತ್ತು ಚಿತ್ರಗಳಲ್ಲಿ ಒಂದರ ಹೆಸರು 'ಉಪ್ಪಿನ ಗೋದಾಮಿಗೆ ಬೆಂಕಿ'. ಉಪ್ಪು ಉರಿಯುವುದಿಲ್ಲ ಎಂಬುದು ಅವನಿಗೆ ತಿಳಿದಿರಲಿಲ್ಲ. ಇಪ್ಪತ್ತೆರಡು ನಿಮಿಷದ ಈ ಚಿತ್ರವನ್ನು ಸುಮಿತ್ರಾ ಕಳುಹಿಸಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಹೇಮಲತಾ ಟಿ.ವಿ.ಯ ಮೇಲೆ ಹಚ್ಚಿಕೊಟ್ಟಳು. ಗೋದಾಮಿನ ಕಾವಲುಗಾರ ಒಂದು ರಾತ್ರಿ ಬೆಂಕಿಯಲ್ಲಿ ಸಿಕ್ಕಿಬೀಳುತ್ತಾನೆ, ಹೆಂಡತಿ ಕಂದೀಲು ಹಿಡಿದು ಹುಡುಕುತ್ತ ಹೊರಡುತ್ತಾಳೆ, ಬೆಳಗಾಗುವಷ್ಟರಲ್ಲಿ ಸಿಗುತ್ತಾನೆ. ಇಷ್ಟೇ ಕಥೆ. ಆ ಕಾಲದಲ್ಲಿ ಕಪ್ಪುಬಿಳಿ ಚಿತ್ರದ ಸುರುಳಿಯನ್ನು ತುಂಡು ತುಂಡಾಗಿ ಕತ್ತರಿಸಿ, ರಾತ್ರಿಯ ದೃಶ್ಯಗಳನ್ನು ನೀಲಿ ಬಣ್ಣದ ತೊಟ್ಟಿಯಲ್ಲೂ ಬೆಂಕಿಯವನ್ನು ಕೆಂಪಿನಲ್ಲೂ ಅದ್ದಿ, ಒಣಗಿಸಿ, ಮತ್ತೆ ಜೋಡಿಸುತ್ತಿದ್ದರು.

ಈ ಚಿತ್ರದಲ್ಲಿ ನೀಲಿ ಒಂದೇ ಸಮನಾಗಿಲ್ಲ. ಕಡುವಾಗಿ ಆರಂಭವಾದದ್ದು ಬರಬರುತ್ತ ಪೇಲವವಾಗುತ್ತದೆ. ಪ್ರಾಧ್ಯಾಪಕ ಮಹಾಶಯ ಇದನ್ನು 'ಕತ್ತಲೆಯಿಂದ ಬೆಳಕಿನೆಡೆಗೆ ಆತ್ಮದ ಪ್ರಯಾಣ' ಎಂದು ಹನ್ನೆರಡು ಪುಟ ಬರೆದಿದ್ದಾನೆ. ನನ್ನ ಕರಡಿನಲ್ಲಿ ನಾನು ಬರೆದದ್ದು ಒಂದೇ ಸಾಲು: ಬಣ್ಣವನ್ನೂ ಸಮನಾಗಿ ಹಾಕಲಾರದ ಅಲಕ್ಷ್ಯ.

ಪ್ರಮೋದ್ ಹಿಂದೆ ನಿಂತು ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ನೋಡುತ್ತಿದ್ದ. "ಹೇಮಾ, ಸ್ವಲ್ಪ ಹಿಂದಕ ತಗೋ," ಎಂದ. ಆಮೇಲೆ ಇನ್ನೊಮ್ಮೆ. ಆಮೇಲೆ ಟಿ.ವಿ.ಯ ಹತ್ತಿರ ಹೋಗಿ ಕೂತ.

"ಅಪ್ಪಾ, ಇದು ಒಂದೇ ತೊಟ್ಟಿ."

"ಏನು?"

"ನೀಲಿ ಎಲ್ಲಾ ಒಂದೇ ತೊಟ್ಟಿಯಾಗ ಅದ್ದ್ಯಾರ. ಒಂದೊಂದು ತುಕಡಿ ಅದ್ದಿದಂಗ ತೊಟ್ಟ್ಯಾಗಿನ ಬಣ್ಣ ತೀರ್ಕೋತ ಹೋಗ್ತೈತಿ. ನಡುವ ಹೊಸಾ ಬಣ್ಣ ಹಾಕಿಲ್ಲ. ಹಾಕಿದ್ರ ಎಲ್ಲೆರ ಒಂದ ಕಡೆ ಮತ್ತ ಕಡು ಆಗಿಬಿಡ್ತಿತ್ತು."

"ನಾನು ಬರೆದದ್ದೂ ಅದನ್ನೇ. ಅಲಕ್ಷ್ಯ."

"ಅಲಕ್ಷ್ಯ ಹೆಂಗ ಆಗ್ತೈತ್ರಿ? ಅದ್ದಿದ ಸಾಲು ನೋಡ್ರಿ. ನಡುರಾತ್ರಿದು ಮೊದಲು ಅದ್ದ್ಯಾರ, ನಸುಕಿಂದು ಕಡೀಕ. ಹೆಂಗರ ಅದ್ದಿದ್ರ ಹಿಂಗ ಬರಂಗಿಲ್ಲ. ತೊಟ್ಟಿ ಖಾಲಿ ಆಗೂದು ಗೊತ್ತಿತ್ತು ಅವರಿಗೆ. ಖಾಲಿ ಆಗೂ ತೊಟ್ಟೀಲೆನ ಬೆಳಗ ಮಾಡ್ಯಾರ."

ಹೇಮಲತಾ ಚಿತ್ರವನ್ನು ನಿಲ್ಲಿಸಿದಳು.

"ಆಕಸ್ಮಿಕವಲ್ಲವೆಂದು ಹೇಗೆ ಹೇಳುತ್ತೀಯೆ?" ಎಂದು ಕೇಳಿದೆ. ಪ್ರಶ್ನೆ ನ್ಯಾಯವಾದದ್ದೇ.

"ಇಲ್ಲಿ ನೋಡ್ರಿ, ಆಕಿ ಕಂದೀಲು ಎತ್ತಿ ಹಿಡೀತಾಳ. ಹಳದಿ. ಮಾರಿ ಕಾಣೂ ಜಾಗಾ. ಇದು ಹೊಸಾ ಬಣ್ಣ, ಹೊಸಾ ನೀರು, ಒಂದು ಕಲೆ ಇಲ್ಲ. ಬೆಂಕಿ ಕೆಂಪು ಎರಡು ಸಲ ಅದ್ದ್ಯಾರ, ಅದಕ್ಕ ಅಷ್ಟು ಕಡು ಐತಿ. ಖರ್ಚು ಮಾಡೂ ಕಡೆ ಮಾಡ್ಯಾರ, ಉಳಸೂ ಕಡೆ ಉಳಿಸ್ಯಾರ. ಶನಿವಾರ ಮಾಲು ಕಳಸಾಂವಗ ಯಾವುದು ಬಿಟ್ರ ನಡೀತೈತಿ, ಯಾವುದು ಬಿಡಬಾರದು ಅಂತ ಗೊತ್ತಿರಬೇಕಾಗ್ತೈತ್ರಿ. ಇಲ್ಲಂದ್ರ ಎರಡನೇ ಶನಿವಾರ ಅವನ ಮುಂದ ಯಾರೂ ನಿಲ್ಲಂಗಿಲ್ಲ."

ಪುಸ್ತಕದಲ್ಲಿ ಈಡಿತ್‌ಳ ಒಂದು ಭಾವಚಿತ್ರವಿದೆ. ಮರದ ತೊಟ್ಟಿಯ ಪಕ್ಕದಲ್ಲಿ ತೋಳು ಮಡಿಸಿಕೊಂಡು ನಿಂತಿದ್ದಾಳೆ. ಅದರ ಅಡಿಯಲ್ಲಿ ಪ್ರಾಧ್ಯಾಪಕ 'ನಟಿ ಹಾಗೂ ಪತ್ನಿ' ಎಂದು ಬರೆದಿದ್ದಾನೆ. ಪ್ರಮೋದ್ ಅದನ್ನು ಬೆಳಕಿಗೆ ಹಿಡಿದ.

"ಈಕಿ ಕೈ ನೋಡ್ರಿ. ಮೊಣಕೈ ತನಕ ಕಪ್ಪು. ನೆರಳಲ್ಲ ಅದು. ಬಣ್ಣದಾಕಿ. ಅದ್ದಿದಾಕಿ ಈಕೀನ."

ಒಂಬೈನೂರು ಪುಟ ಬರೆದವನಿಗೆ ಆ ಕೈ ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ, ಆದರೆ ನಾನು ಆಂಗ್ಲ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಲ್ಲ.

"ಇದೆಲ್ಲ ನಿನಗೆ ಗಿರಣಿಯಲ್ಲಿ ಕಲಿಸುತ್ತಾರೆಯೇ?"

"ಗಿರಣ್ಯಾಗ ಎಲ್ಲ್ಯದರಿ? ಅಲ್ಲಿ ಮಷೀನು. ಇದು ಇಳಕಲ್ಲಿನ ಬಣ್ಣಗಾರ ಓಣಿದು. ಕಡು ಬಣ್ಣದ ನೂಲು ಮೊದಲು ಅದ್ದಿ, ಅದೇ ತೊಟ್ಟ್ಯಾಗ ತಿಳಿ ಬಣ್ಣದ್ದು ಅದ್ದೂದು. ನಾ ಎಂಟನೇತ್ತಾ ಇದ್ದಾಗ ಬರದಿದ್ದೆ, ನಿಮ್ಮ ಶಾಲಿ ಸಂಚಿಕೀಗೆ."

"ನನಗೆ ನೆನಪಿಲ್ಲ."

"ಏಳು ಸಲ ಬರಸಿದ್ರಿ. ಈ ತೊಟ್ಟಿ ಮಾತಿಗೆ ಅಪ್ರಸ್ತುತ ಅಂತ ಗೀಟ ಹಾಕಿದ್ರಿ. ಏಳನೇದು ತಿದ್ದಿ ಒಯ್ಯೂದ್ರಾಗ ಸಂಚಿಕಿ ಅಚ್ಚಾಗಿ ಬಂದಿತ್ತು." ಇದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ಹವಾಮಾನ ಹೇಳುವಂತೆ ಹೇಳಿ, ಹೇಮಲತಾಳ ಕಡೆ ತಿರುಗಿ, "ಮಜ್ಜಿಗಿ ಐತೇನು?" ಎಂದ.

ಜನವರಿ 6, ಸೋಮವಾರ

ಪ್ರಮೋದನ ಲೆಕ್ಕ ತಪ್ಪು. ಏಳು ಸಲವಲ್ಲ, ಒಂಬತ್ತು ಸಲ.

ಜನವರಿ 9, ಗುರುವಾರ

ತೊಟ್ಟಿಯ ವಿಷಯವನ್ನು ನಾಲ್ಕನೆಯ ಅಧ್ಯಾಯಕ್ಕಾಗಿ ನನ್ನ ಶೈಲಿಯಲ್ಲಿ ಬರೆದೆ. 'ವರ್ಣದ್ರಾವಣದ ಸಾಂದ್ರತೆಯು ಉತ್ತರೋತ್ತರ ಕ್ಷೀಣಿಸಲಾಗಿ ತತ್ಪರಿಣಾಮವಾಗಿ ಛಾಯಾವೈವಿಧ್ಯವು ಸಂಭವಿಸಿತು.' ದೋಷವಿಲ್ಲದ ವಾಕ್ಯ. ಸಂಜೆ ಪ್ರಮೋದನಿಗೆ ಓದಿ ಹೇಳಿದೆ.

"ಬರೋಬರಿ ಐತ್ರಿ ಅಪ್ಪಾ," ಎಂದ.

ಆ ಮುಖವನ್ನು ನಾನು ಬಲ್ಲೆ. ಏನೂ ಅರ್ಥವಾಗದೆ, ಗಂಟೆ ಬಾರಿಸಲಿ ಎಂದು ಕಾಯುತ್ತ, ಹೌದು ಸರ ಎನ್ನುವ ಕೊನೆಯ ಬೆಂಚಿನ ಮುಖ. ಆದರೆ ಈ ವಿಷಯವನ್ನು ಹೇಳಿಕೊಟ್ಟವನೇ ಅವನು. ಹಾಗಿರುವಾಗ ಅರ್ಥವಾಗದಂತೆ ಬರೆದ ಶ್ರೇಯಸ್ಸು ಯಾರದು?

ಪುಟವನ್ನು ಹರಿದೆ.

ಜನವರಿ 14, ಮಂಗಳವಾರ

ಉತ್ತರಾಯಣ. ಈ ಊರಿನವರಿಗೆ ಸಂಕ್ರಾಂತಿಯೆಂದರೆ ಗಾಳಿಪಟ. ವಾರದಿಂದ ರಸ್ತೆಗಳ ಅಂಚಿನಲ್ಲಿ ದಾರಕ್ಕೆ ಗಾಜಿನ ಪುಡಿ, ಗುಲಾಬಿ ಬಣ್ಣ ಹಚ್ಚುತ್ತಿದ್ದರು; ಚಪ್ಪಲಿಯ ಅಡಿಯೆಲ್ಲ ಗುಲಾಬಿ. ಈ ದಿನ ಬೆಳಿಗ್ಗೆ ಆರರಿಂದ ಪ್ರತಿ ಮಾಳಿಗೆಯ ಮೇಲೂ ಧ್ವನಿವರ್ಧಕ, ಪೀಪಿ, ಪರಸ್ಪರರ ಪಟ ಕತ್ತರಿಸಿ ಹಾಕುವ ಕೂಗು. ಪ್ರಬುದ್ಧ ಗಂಡಸರು, ಲೆಕ್ಕಪರಿಶೋಧಕರು, ಹಲ್ಲಿನ ವೈದ್ಯರು, ಒಂದು ಕಾಗದದ ತುಂಡಿಗಾಗಿ ಗಂಟಲು ಹರಿದುಕೊಳ್ಳುತ್ತಾರೆ.

ಬರೆದ ವಾಕ್ಯವನ್ನು ಗಟ್ಟಿಯಾಗಿ ಓದಿದರೆ ನನಗೇ ಕೇಳಿಸುತ್ತಿರಲಿಲ್ಲ. ಕೇಳಿಸದಿದ್ದ ಮೇಲೆ ತಿದ್ದುವುದೆಂತು? ಮುಂದಿನದನ್ನು ಬರೆದೆ. ಅದೂ ಕೇಳಿಸಲಿಲ್ಲ. ಅದರ ಮುಂದಿನದನ್ನು ಬರೆದೆ. ಸಂಜೆ ನೋಡಿದರೆ ಹನ್ನೊಂದು ಪುಟಗಳಾಗಿವೆ. ಎರಡನೆಯ ಅಧ್ಯಾಯದ ಅರ್ಧಭಾಗ. ಮಳೆಯಲ್ಲಿ ಮುಳುಗಿದ ವಧುವಿನ ಪ್ರಸಂಗ ಅದರಲ್ಲಿದೆ. ಹೇಮಲತಾ ಅದನ್ನು ಯಂತ್ರಕ್ಕೆ ಏರಿಸುತ್ತ ನಗುತ್ತಿದ್ದಳು.

"ಎಲ್ಲಿ ತಪ್ಪಿದೆ?" ಎಂದು ಕೇಳಿದೆ.

"ಎಲ್ಲೂ ಇಲ್ರಿ. ಛಲೋ ಐತಿ, ಅದಕ್ಕ ನಗಾಕ್ಹತ್ತೀನಿ."

ಇವಳ ಅಭಿರುಚಿ ಧಾರಾವಾಹಿಗಳಿಂದ ರೂಪುಗೊಂಡದ್ದು. ಆ ಪುಟಗಳನ್ನು ನಾಳೆ ನೋಡುತ್ತೇನೆ.

ಜನವರಿ 17, ಶುಕ್ರವಾರ

ನೋಡಲಿಲ್ಲ. ಎರಡನೆಯದು ಮುಗಿಯಿತು. ಮೂರನೆಯದರಲ್ಲಿ ಆರು ಪುಟ.

ಜನವರಿ 19, ರವಿವಾರ

ನಾಲ್ಕನೆಯ ಅಧ್ಯಾಯಕ್ಕೆ ನನ್ನಿಂದ ಸಮಯ ಒದಗುವಂತಿಲ್ಲ. ಆದ್ದರಿಂದ ಒಂದು ತಾತ್ಕಾಲಿಕ ಏರ್ಪಾಡು ಮಾಡಿದೆ. ಪ್ರಮೋದನನ್ನು ಕೂರಿಸಿ, 'ಉಪ್ಪಿನ ಗೋದಾಮಿಗೆ ಬೆಂಕಿ'ಯನ್ನು ತೋರಿಸುತ್ತ, ಅನಿಸಿದ್ದನ್ನು ಹೇಳು ಎಂದೆ. ಹೇಮಲತಾ ಅದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಆಡಿದ್ದನ್ನು ಆಡಿದಂತೆಯೇ ಯಂತ್ರಕ್ಕೆ ಏರಿಸುವಳು. ಮುಂದೆ ಬಿಡುವಾದಾಗ ನಾನು ಅದನ್ನು ಕನ್ನಡಕ್ಕೆ ತರುವೆ.

ಮೊದಮೊದಲು ಅವನು ನನ್ನನ್ನು ನೋಡಿ ನೋಡಿ ಮಾತನಾಡಿದ. 'ನೀಲಿ ವರ್ಣ' ಎಂದ. 'ಪ್ರಯೋಗಿಸಲಾಗಿದೆ' ಎಂದ. ನಲವತ್ತೈದರ ಗಂಡಸು ಬೆವರುತ್ತಿದ್ದ.

"ಮಾವಾರ, ನೀವು ಸ್ವಲ್ಪ ಹೊರಗ ಕುಂದರ್ರಿ," ಎಂದಳು ಹೇಮಲತಾ.

ನನ್ನ ಸ್ವಂತ ಪುಸ್ತಕದಿಂದ ನನ್ನನ್ನು ಬಾಲ್ಕನಿಗೆ ಅಟ್ಟಿದರು. ಒಂದೂವರೆ ಗಂಟೆ ಅಲ್ಲಿ ಕೂತಿದ್ದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಈಡಿತ್ ಯಾವ ಕೈಯಲ್ಲಿ ಸುರುಳಿ ಹಿಡಿದಿರಬೇಕು, ತೊಟ್ಟಿಯ ನೀರು ಆರಿದೆಯೆಂದು ಬೆರಳಿನಿಂದ ಹೇಗೆ ತಿಳಿದಿರಬೇಕು, ಶನಿವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಅವಳನ್ನು ಮಾತನಾಡಿಸುವ ಧೈರ್ಯ ಮಾಡಿರಲಾರರು, ಎಂದೆಲ್ಲ ಅವನು ಹೇಳುತ್ತಿದ್ದ. ಅವನು ಇಷ್ಟು ಮಾತನಾಡಬಲ್ಲನೆಂದು ನನಗೆ ಗೊತ್ತಿರಲಿಲ್ಲ. ನಡುವೆ ಹಿಂದಿ, ಗುಜರಾತಿ, ಗಿರಣಿಯ ಬೈಗಳು. ಭಾಷೆಯ ದೃಷ್ಟಿಯಿಂದ ಅಸಹ್ಯ.

ಒಮ್ಮೆ ಗಂಟಲು ಕೆರೆಯಿತು. ಕೆಮ್ಮಿದರೆ ಅವನು ನಿಲ್ಲಿಸಿಯಾನೆಂದು ತಡೆದುಕೊಂಡೆ.

ಜನವರಿ 27, ಸೋಮವಾರ

ಮೂರನೆಯ ಅಧ್ಯಾಯ ಮುಗಿದಿದೆ. ಐದನೆಯದು, ಉಪಸಂಹಾರ, ಉಳಿದಿದೆ. ಬೆಳಿಗ್ಗೆ ಒಂದನೆಯ ಅಧ್ಯಾಯವನ್ನು ಒಮ್ಮೆ ನೋಡೋಣವೆಂದು ಹೇಮಲತಾಳನ್ನು ಕೇಳಿದೆ.

"ಅದಕ್ಕ ಬೀಗ ಹಾಕೀನ್ರಿ."

"ಬೀಗವೆಂದರೆ?"

"ಪಾಸ್‌ವರ್ಡ್. ಒಂದು, ಎರಡು, ಮೂರು, ಎಲ್ಲಾದಕ್ಕೂ ಹಾಕೀನಿ. ಶನಿವಾರ ತಗೀತೀನಿ, ಪುಸ್ತಕ ಹೋದ ಮ್ಯಾಲ."

"ಲೇಖಕ ನಾನು."

"ಹೌದ್ರಿ. ಅದಕ್ಕ ಹಾಕೀನಿ."

ಮಗನ ಮನೆಯಲ್ಲಿ ಇಂಥ ಅವಮಾನ. ಪ್ರಮೋದನಿಗೆ ದೂರು ಹೇಳಲು ಗಿರಣಿಗೆ ದೂರವಾಣಿ ಮಾಡಿದೆ. ಅವನು ಯಂತ್ರಗಳ ಸದ್ದಿನಲ್ಲಿ, "ಆಕಿ ನನಗೂ ಕಪಾಟಿನ ಕೀಲಿ ಕೊಡಂಗಿಲ್ರಿ ಅಪ್ಪಾ," ಎಂದು ಕೂಗಿದ.

ಕೈಗೆ ಸಿಗುವಂಥದ್ದು ಐದನೆಯ ಅಧ್ಯಾಯವೊಂದೇ ಆದ್ದರಿಂದ ಅದನ್ನು ಬರೆಯತೊಡಗಿದೆ.

ಜನವರಿ 31, ಶುಕ್ರವಾರ

ಉಪಸಂಹಾರದ ಕೊನೆಯ ಪುಟಕ್ಕಾಗಿ ಒಂದು ತೀರ್ಪನ್ನು ನವೆಂಬರಿನಿಂದಲೂ ಸಿದ್ಧವಾಗಿ ಇಟ್ಟಿದ್ದೆ. ಥ್ರಸಲ್ ಮರೆತುಹೋದದ್ದು ಯಾಕೆ ನ್ಯಾಯ ಎಂಬುದು ಅದರ ಸಾರ. ಮೂರು ಉಪವಾಕ್ಯಗಳಲ್ಲಿ ಏರುತ್ತ ಹೋಗುವ ಒಂದು ದೀರ್ಘವಾಕ್ಯ. ಬಹಳ ಒಳ್ಳೆಯ ವಾಕ್ಯ. ಮೂರು ಗಂಟೆಗೆ ಅದನ್ನು ಬರೆಯಲು ಕೂತೆ. ಅದರ ಬದಲು, ಅವನು ಬೀಜ ಮಾರುತ್ತಿದ್ದ ಅಂಗಡಿಗೆ ಒಬ್ಬ ಹೆಂಗಸು ಬಂದು, ನೀವು ಆ ಮುಳುಗಿದ ವಧುವಿನ ಚಿತ್ರ ಮಾಡಿದವರಲ್ಲವೇ ಎಂದು ಕೇಳಿದ್ದನ್ನೂ, ಅವನು, ಅಮ್ಮ, ಆ ದಿನ ಮಳೆ ಬಂದಿತ್ತು ಎಂದಷ್ಟೇ ಹೇಳಿ ಅವಳಿಗೆ ಬೀಜ ಕಟ್ಟಿಕೊಟ್ಟದ್ದನ್ನೂ ಬರೆದು ನಿಲ್ಲಿಸಿದೆ. ಅದು ಪ್ರಾಧ್ಯಾಪಕನ ಪುಸ್ತಕದಲ್ಲಿ ಅಡಿಟಿಪ್ಪಣಿಯಲ್ಲಿತ್ತು. ತೀರ್ಪಿಗೆ ಸ್ಥಳ ಉಳಿಯಲಿಲ್ಲ.

ನಾಲ್ಕನೆಯ ಅಧ್ಯಾಯವನ್ನು ಕನ್ನಡಕ್ಕೆ ತರಲು ವೇಳೆಯಾಗಲಿಲ್ಲ. ಹಾಗೆಯೇ ಹೋಯಿತು. ಅದರ ತಲೆಯ ಮೇಲೆ ಹೇಳಿದವನ ಹೆಸರು ಹಾಕಿಸಿದೆ. ದೋಷಗಳ ಹೊಣೆ ಯಾರದೆಂದು ಓದುಗರಿಗೆ ಸ್ಪಷ್ಟವಿರಬೇಕು.

ಐದೂಕಾಲಿಗೆ ಹೇಮಲತಾ, "ಒತ್ತಲೇನ್ರಿ?" ಎಂದಳು.

"ಒಂದು ನಿಮಿಷ," ಎಂದೆ.

ಅವಳು ಒತ್ತಿಯಾಗಿತ್ತು.

ಫೆಬ್ರುವರಿ 4, ಮಂಗಳವಾರ

ಮಧ್ಯಾಹ್ನ ಸುಮಿತ್ರಾ ಮಾತನಾಡಿದಳು. ಪುಸ್ತಕ ಸ್ವೀಕೃತವಾಗಿದೆ. ಮಾರ್ಚಿನಲ್ಲಿ ಅಚ್ಚಿಗೆ ಹೋಗುತ್ತದೆ. ಇನ್ನೂ ಏನೇನೋ ಹೇಳುವವಳಿದ್ದಳು; ದನಿ ಒಂದು ಬಗೆಯಾದ್ದರಿಂದ, ಕೆಲಸದ ಮಾತಾಡು ಎಂದೆ.

"ನಾಕನೇ ಅಧ್ಯಾಯ ಅದ ಅಲ್ರಿ ಸರ, ಪ್ರಮೋದ್ ಅವರದು. ನಮ್ಮ ಮಂಡಳಿಯಾಗ ಎಲ್ಲಾರೂ ಎರಡೆರಡು ಸಲ ಓದಿದ್ರು. ಆದ್ರ ಮಾತು ಉಳಿದ ಪುಸ್ತಕದ ಜೊತಿ ಕೂಡೂದಿಲ್ಲ. ನಮ್ಮ ಹುಡುಗ್ರ ಕಡೆಯಿಂದ ಒಂದು ಸಲ ಗ್ರಂಥಭಾಷೆಗೆ ತಿದ್ದಿಸಿಬಿಡ್ತೀವಿ. ನಿಮಗ ಏನೂ ತ್ರಾಸಿಲ್ಲ."

"ಅದರಲ್ಲಿ ಒಂದು ಅಕ್ಷರವನ್ನೂ ಮುಟ್ಟಕೂಡದು," ಎಂದೆ.

"ಸರ, ಇದನ್ನ ನೀವು ಹೇಳಾಕ್ಹತ್ತೀರೇನ್ರಿ?"

"ನಿನ್ನ ಹುಡುಗರಿಗೆ ತೊಟ್ಟಿ ಗೊತ್ತೇ? ನೂಲು ಗೊತ್ತೇ? ಗೊತ್ತಿಲ್ಲದವರು ತಿದ್ದಿದರೆ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಾಘವೇಂದ್ರನ ಪುಸ್ತಕಗಳು ಬೇಕಾದಷ್ಟಿವೆ, ಅವನ್ನು ತಿದ್ದಲು ಹೇಳು. ಪುಣ್ಯ ಬರುತ್ತದೆ."

ನಗುತ್ತ ಒಪ್ಪಿಕೊಂಡಳು.

ಸಂಜೆ ಪ್ರಮೋದ್ ಬಂದವನು ಕೈಕಾಲು ತೊಳೆಯದೆ ನನ್ನ ಕೋಣೆಯ ಬಾಗಿಲಲ್ಲಿ ನಿಂತ. ಈ ವಾರ ಉಗುರು ಹಸಿರು.

"ಅಪ್ಪಾ, ಒಂದು ತಪ್ಪು ಹೇಳೀನ್ರಿ ನಾ. ಬೆಂಕಿ ಕೆಂಪು ಎರಡು ಸಲ ಅದ್ದ್ಯಾರ ಅಂದಿದ್ನೆಲ್ಲ. ಇವತ್ತು ಬಣ್ಣ ಹಾಕೂ ಜೆಟ್ ಮಷೀನಿನ ಮುಂದ ನಿಂತಾಗ ಹೊಳೀತು. ಎರಡು ಸಲ ಅಲ್ಲ, ಒಂದ ಸಲ, ಆದ್ರ ಭಾಳ ಹೊತ್ತು ಬಿಟ್ಟಿರಬೇಕು. ಎರಡು ಸಲ ಅದ್ದಿದ್ರ ಅಂಚು ಬ್ಯಾರೆ ಕಾಣ್ತಿತ್ತು. ಇನ್ನೂ ಅಚ್ಚಾಗಿಲ್ಲಲ್ಲ? ಸುಮಿತ್ರಾ ಅವರಿಗೆ ಹೇಳಿ ತರಿಸ್ರಿ. ಇನ್ನೊಂದು ಸಲ ಎಲ್ಲಾ ಸರೀಗೆ ಹೇಳ್ತೀನಿ. ನಡುನಡುವ ಏನೇನೋ ಬಡಬಡಿಸೀನಿ, ಅದನ್ನೂ ತಗದ ಹಾಕೂಣು."

ಮುಖ ಸಣ್ಣದಾಗಿತ್ತು. ಬೆಳಗಿನಿಂದ ಇದನ್ನೇ ತಲೆಯಲ್ಲಿ ಹೊತ್ತುಕೊಂಡಿದ್ದನೆಂದು ಕಾಣುತ್ತದೆ.

"ಅದು ಬಟ್ಟೆಯಾಗಿದ್ದರೆ," ಎಂದು ಕೇಳಿದೆ, "ಲಾರಿ ನಿಂತಿದ್ದರೆ, ನೀನು ಕಳುಹಿಸುತ್ತಿದ್ದೆಯೋ, ಇಲ್ಲವೋ?"

ಅವನು ಚೌಕಟ್ಟಿಗೆ ಒರಗಿ ಬಹಳ ಹೊತ್ತು ಯೋಚಿಸಿದ. ನಾನು ಅವಸರ ಮಾಡಲಿಲ್ಲ. ಈ ವಿಷಯದಲ್ಲಿ ಅವನಿಗೆ ತಿಳಿದಷ್ಟು ನನಗೆ ತಿಳಿಯದು.

"ಕಳಸ್ತಿದ್ದೆ," ಎಂದ.

"ಹಾಗಾದರೆ ಕೈಕಾಲು ತೊಳೆದುಕೊಂಡು ಊಟಕ್ಕೆ ಬಾ," ಎಂದೆ.